ಬೆಳಗಿನ ತಿಂಡಿಗೆ ಯಾವುದು: ಇಡ್ಲಿಯೋ, ಉಪ್ಪಿಟ್ಟೋ, ರಾಗಿ ರೊಟ್ಟಿಯೋ, ಓಟ್ಸೋ?

ಇಡ್ಲಿ ಒಳ್ಳೇದೋ, ಉಪ್ಪಿಟ್ಟು ಒಳ್ಳೇದೋ? ಈ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಹಬೆಯಲ್ಲಿ ಬೆಂದದ್ದು, ಅದಕ್ಕೆ ಇಡ್ಲಿಯೇ ವಾಸಿ ಅಂತ ಒಬ್ಬರು. ಅಕ್ಕಿ ತಿಂದರೆ ಶುಗರ್ ಏರುತ್ತೆ, ರವೆ ತಿನ್ನಿ ಅಂತ ಇನ್ನೊಬ್ಬರು. ಮಗ ಜಿಮ್‌ಗೆ ಸೇರಿದ ಮನೆಯಲ್ಲಿ ಓಟ್ಸ್ ಡಬ್ಬ ಬಂದು ಕೂತಿರುತ್ತದೆ. ಅಜ್ಜಿ ಮಾತ್ರ ರಾಗಿ ಅಂಬಲಿ ಬಿಟ್ಟು ಕದಲುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ತಿಂಡಿಗಳೆಲ್ಲ ಹೆಚ್ಚುಕಮ್ಮಿ ಧಾನ್ಯದವೇ. ಅಕ್ಕಿಯೋ ಗೋಧಿಯೋ ಅನ್ನುವುದರಿಂದ ಆಗುವ ವ್ಯತ್ಯಾಸ ಸಣ್ಣದು. ಅದರ ಜೊತೆ ನಂಜಿಕೊಳ್ಳಲು ಏನಿದೆ, ಎಷ್ಟಿದೆ ಅನ್ನುವುದರಿಂದ ಆಗುವ ವ್ಯತ್ಯಾಸ ದೊಡ್ಡದು. ಮೂರು ಇಡ್ಲಿಗೆ ಎರಡು ಚಮಚ ಚಟ್ನಿ ಹಾಕಿಕೊಂಡವರದ್ದೂ, ಅದೇ ಮೂರು ಇಡ್ಲಿಗೆ ಒಂದು ಬಟ್ಟಲು ಗಟ್ಟಿ ಸಾಂಬಾರ್ ಸುರಿದುಕೊಂಡವರದ್ದೂ ಒಂದೇ ತಿಂಡಿ ಅಂತ ಹೇಳಲು ಆಗುವುದಿಲ್ಲ.

ಹೋಲಿಸೋಕೆ ಒಂದು ಅಳತೆ ಬೇಕಲ್ವಾ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ದೊಡ್ಡವರಿಗೆ ಮೈತೂಕದ ಒಂದು ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕೆಜಿ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ. 65 ಕೆಜಿಯ ಗಂಡಸಿಗೆ 54 ಗ್ರಾಂ. ಮೂರು ಹೊತ್ತಿಗೆ ಹಂಚಿದರೆ ಬೆಳಗಿನ ಪಾಲಿಗೆ 15ರಿಂದ 18 ಗ್ರಾಂ ಬರುತ್ತದೆ. ಅದೇ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಇನ್ನೊಂದು ಮಾತು ಹೇಳಿದೆ: ದಿನದ ಒಟ್ಟು ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ 45 ದಾಟಬಾರದು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಚಪಾತಿ ತಿನ್ನುವ ಮನೆಯಲ್ಲಿ ಇದು ಯಾವತ್ತೋ ದಾಟಿಹೋಗಿರುತ್ತದೆ.

ಈಗ ಅಡುಗೆಮನೆಯ ಡಬ್ಬಗಳನ್ನು ನೋಡೋಣ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದೆ. ರಾಗಿ ಮತ್ತು ಅವಲಕ್ಕಿಯಲ್ಲಿ 7 ಗ್ರಾಂ ಆಸುಪಾಸು. ಜೋಳದಲ್ಲಿ 10, ಗೋಧಿ ರವೆಯಲ್ಲಿ 11. ಬೇಳೆಗೆ ಬಂದರೆ ಲೆಕ್ಕವೇ ಬೇರೆ: ತೊಗರಿಬೇಳೆ 22, ಉದ್ದಿನಬೇಳೆ 23, ಹೆಸರುಬೇಳೆ 24. ಕಡಲೆಕಾಯಿ ಬೀಜವೂ 24ರ ಹತ್ತಿರ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಅಷ್ಟೇ. ಎಲ್ಲ ಹಸಿ ಪದಾರ್ಥದ ತೂಕ, ಬೇಯಿಸಿದ್ದರದ್ದಲ್ಲ.

ಧಾನ್ಯ ಧಾನ್ಯದ ನಡುವೆ ಮೂರು ನಾಲ್ಕು ಗ್ರಾಂ ಹೆಚ್ಚುಕಮ್ಮಿ. ಧಾನ್ಯಕ್ಕೂ ಬೇಳೆಗೂ ಎರಡು ಮೂರು ಪಟ್ಟು. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದ್ದು ಸುಲಭ. ಉಳಿದಂತೆ ನಾರು ಎಷ್ಟು, ಎಣ್ಣೆ ಎಷ್ಟು, ಸಕ್ಕರೆ ಎಷ್ಟು, ಮತ್ತೆ ಹಸಿವು ಯಾವಾಗ ಅಂತ ನೋಡಿಕೊಂಡರೆ ಸಾಕು. ಕೊನೆಯದಕ್ಕೆ ಯಾವ ಪುಸ್ತಕವೂ ಬೇಡ. ಎಂಟು ಗಂಟೆಗೆ ತಿಂದು ಹತ್ತಕ್ಕೆ ಬಿಸ್ಕತ್ ಪ್ಯಾಕೆಟ್ ಹುಡುಕಿದರೆ ತಿಂಡಿಯಲ್ಲಿ ಏನೋ ಕೊರತೆ ಇದೆ ಅಂತ ಅರ್ಥ.

ಇಡ್ಲಿ ಮತ್ತು ದೋಸೆ: ಹಿಟ್ಟು ಒಂದೇ, ಹಣೆಬರಹ ಬೇರೆ

ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಅಂದುಕೊಳ್ಳಿ. 75 ಗ್ರಾಂ ಅಕ್ಕಿಯಿಂದ 6 ಗ್ರಾಂ ಪ್ರೋಟೀನ್, 25 ಗ್ರಾಂ ಉದ್ದಿನಿಂದ ಇನ್ನೊಂದು 6 ಗ್ರಾಂ. ಒಟ್ಟು 12. ಬರೀ ಅಕ್ಕಿಯಾಗಿದ್ದರೆ 8ಕ್ಕೇ ನಿಲ್ಲುತ್ತಿತ್ತು. ಅಕ್ಕಿಯಲ್ಲಿ ಕಮ್ಮಿ ಇರುವ ಲೈಸಿನ್ ಅನ್ನುವ ಅಮೈನೋ ಆಮ್ಲ ಉದ್ದಿನಲ್ಲಿ ಜಾಸ್ತಿ ಇದೆ. ಉದ್ದಿನಲ್ಲಿ ಕಮ್ಮಿ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇನ್ನು ಹುದುಗು. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಪಾತ್ರೆ ತುಂಬಿ ಉಕ್ಕಿರುತ್ತದಲ್ಲ, ಅದು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡೀಸ್ ಎಂಬ ಬ್ಯಾಕ್ಟೀರಿಯಾ ಮತ್ತು ಅದರ ಜೊತೆಗಾರರ ಕೆಲಸ. ಇವು ಹಿಟ್ಟನ್ನು ಹುಳಿ ಮಾಡುತ್ತವೆ, ಗಾಳಿ ತುಂಬುತ್ತವೆ. ಆ ಹೊತ್ತಿನಲ್ಲೇ ಬೇಳೆ, ಧಾನ್ಯದ ಫೈಟೇಟ್ ಅಂಶ ಇಳಿಯುತ್ತದೆ. ಫೈಟೇಟ್ ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುವ ವಸ್ತು. ಅದು ಇಳಿದಷ್ಟೂ ಆ ಖನಿಜಗಳು ಮೈಗೆ ಸಿಗುತ್ತವೆ. ಹುದುಗು ಬರಿಸದೆ ಸೋಡಾ ಹಾಕಿ ಉಬ್ಬಿಸಿದ ದಿಢೀರ್ ಇಡ್ಲಿಯಲ್ಲಿ ಈ ಲಾಭ ಇಲ್ಲ. ಇರುವುದು ಜಾಸ್ತಿ ಸೋಡಿಯಂ ಅಷ್ಟೇ. ಚಳಿ ದೇಶದಲ್ಲಿರುವ ನಮ್ಮವರು ಹಿಟ್ಟಿನ ಪಾತ್ರೆಯನ್ನು ಓವನ್ ಒಳಗೆ, ಅದರ ಬಲ್ಬ್ ಹೊತ್ತಿಸಿ ಬೆಚ್ಚಗೆ ಇಡುವುದು ಸುಮ್ನೆ ಅಲ್ಲ.

ಇಷ್ಟಾದರೂ ಮೂರು ಇಡ್ಲಿಯಿಂದ ಸಿಗುವ ಪ್ರೋಟೀನ್ ನಾಲ್ಕೈದು ಗ್ರಾಂ ಮಾತ್ರ. ಯಾಕೆ ಅಂದರೆ ಮಧ್ಯಮ ಗಾತ್ರದ ಮೂರು ಇಡ್ಲಿಯಲ್ಲಿ ಒಣ ಪದಾರ್ಥ 40 ಗ್ರಾಂ ಇದ್ದರೆ ಹೆಚ್ಚು, ಉಳಿದದ್ದು ನೀರು. ಇಡ್ಲಿ ಹಗುರ ಅನ್ನಿಸುವುದೂ, ಬೇಗ ಹಸಿವಾಗುವುದೂ ಇದೇ ಕಾರಣಕ್ಕೆ. ಕೊರತೆ ತುಂಬಬೇಕಾದ್ದು ಸಾಂಬಾರ್. ಒಬ್ಬರಿಗೆ 20 ಗ್ರಾಂ ತೊಗರಿಬೇಳೆ ಬೀಳುವ ಹಾಗೆ ಗಟ್ಟಿಯಾಗಿ ಮಾಡಿದರೆ ಇನ್ನೂ 4 ಗ್ರಾಂ ಸೇರುತ್ತದೆ. ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು ಜೊತೆಗಿದ್ದರೆ 15ಕ್ಕೆ ಮುಟ್ಟುತ್ತೀರಿ. ಸಾಂಬಾರಿಗೆ ನುಗ್ಗೆಕಾಯಿ, ಮೂಲಂಗಿ, ಸೋರೆಕಾಯಿ ಏನಾದರೂ ಬೀಳಲಿ. ಈರುಳ್ಳಿ ಒಂದೇ ತರಕಾರಿ ಅಂತ ತಿಳಿದವರು ಬಹಳ.

ಬೆಳಿಗ್ಗೆ ಸಾಂಬಾರ್ ಮಾಡೋಕೆ ಪುರುಸೊತ್ತು ಎಲ್ಲಿ ಅಂತೀರಾ? ಹಿಂದಿನ ರಾತ್ರಿಯ ಹುಳಿ ಉಳಿದಿದ್ದರೆ ಅದೇ ಸಾಕು. ಇಲ್ಲವಾದರೆ ಚಟ್ನಿಯಲ್ಲಿ ತೆಂಗಿನಕಾಯಿ ಅರ್ಧ ಮಾಡಿ, ಹುರಿಗಡಲೆಯನ್ನೋ ಕಡಲೆಕಾಯಿ ಬೀಜವನ್ನೋ ಹೆಚ್ಚಿಸಿ. ತೆಂಗಿನಕಾಯಿ ಕೆಟ್ಟದ್ದಲ್ಲ, ಆದರೆ ಅದರಿಂದ ಬರುವುದು ಮುಖ್ಯವಾಗಿ ಕೊಬ್ಬು. ಇಡ್ಲಿ ತಿನ್ನುವಷ್ಟೇ ಚಟ್ನಿ ತಿನ್ನುವವರು ಇದನ್ನು ಮರೆಯುತ್ತಾರೆ.

ದೋಸೆಗೆ ಹಿಟ್ಟಿನ ಲೆಕ್ಕ ಬಹುತೇಕ ಅದೇ. ವ್ಯತ್ಯಾಸ ಕಾವಲಿಯ ಮೇಲೆ. ಒಂದು ಟೀ ಚಮಚ ಎಣ್ಣೆಗೆ 40–45 ಕ್ಯಾಲೊರಿ. ಮನೆಯಲ್ಲಿ ಒಂದು ದೋಸೆಗೆ ಅಷ್ಟು ಸಾಕು. ಹೋಟೆಲಿನ ಕಾವಲಿ ಪಕ್ಕ ಒಂದು ನಿಮಿಷ ನಿಂತು ನೋಡಿ. ಪೊರಕೆಯಲ್ಲಿ ನೀರು ಹೊಡೆದು, ಹಿಟ್ಟು ಹರಡಿ, ಮೇಲಿಂದ ಎಣ್ಣೆ ಸುತ್ತಲೂ ಸುರಿದು, ಪಲ್ಯ ಇಟ್ಟ ಮೇಲೆ ಮತ್ತೊಂದು ಸಲ. ದಾವಣಗೆರೆ ಬೆಣ್ಣೆ ದೋಸೆಯಾದರೆ ಬೆಣ್ಣೆ ಮುದ್ದೆ ಕರಗುವುದು ಕಣ್ಣಿಗೇ ಕಾಣುತ್ತದೆ. 20 ಗ್ರಾಂ ಬೆಣ್ಣೆ ಅಂದರೆ 145 ಕ್ಯಾಲೊರಿ. ಬೆಣ್ಣೆ ದೋಸೆ ತಿನ್ನಬೇಡಿ ಅಂತ ನಾನು ಹೇಳಲಾರೆ, ಹೇಳಿದರೂ ಯಾರೂ ಕೇಳುವುದಿಲ್ಲ. ಅದು ದಿನಾ ತಿನ್ನುವ ತಿಂಡಿಯಲ್ಲ ಅಷ್ಟೇ. ಸೆಟ್ ದೋಸೆ ಮೆತ್ತಗಿರುವುದರಿಂದ ಎಣ್ಣೆ ಕಮ್ಮಿ ಅಂತ ನಂಬಿಕೆ ಇದೆ. ಆದರೆ ಒಂದು ಪ್ಲೇಟಿಗೆ ಎರಡೋ ಮೂರೋ ಬರುತ್ತವೆ, ಹಿಟ್ಟು ಜಾಸ್ತಿ ಆಗುತ್ತದೆ.

ನೀರ್ ದೋಸೆಯಲ್ಲಿ ಉದ್ದು ಇಲ್ಲ, ಹುದುಗೂ ಇಲ್ಲ. ಬರೀ ಅಕ್ಕಿ. ಕರಾವಳಿಯಲ್ಲಿ ಅದಕ್ಕೆ ಮೀನು ಸಾರೋ, ಕೋಳಿ ಸಾರೋ, ಕಡಲೆ ಗಸಿಯೋ ಜೊತೆಯಾಗುತ್ತದೆ, ಆಗ ತಟ್ಟೆ ತುಂಬುತ್ತದೆ. ಬೆಂಗಳೂರಿಗೆ ಬಂದ ನೀರ್ ದೋಸೆಗೆ ಹಲವು ಕಡೆ ಕಾಯಿ-ಬೆಲ್ಲ ಜೊತೆ. ಆಗ ಅದು ಹಿಟ್ಟು ಮತ್ತು ಸಿಹಿ ಮಾತ್ರ. ಅಕ್ಕಿ ತರಿಯ ಉಂಡೆ ಕಡುಬು ಪುಂಡಿಗೂ ಇದೇ ಮಾತು. ಕೊಟ್ಟೆ ಕಡುಬು ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಇಡ್ಲಿಯೇ, ಪರಿಮಳ ಹೆಚ್ಚಿಗೆ. ಮಂಗಳೂರು ಬನ್ಸ್ ಮಾತ್ರ ಮೈದಾ, ಬಾಳೆಹಣ್ಣು, ಸಕ್ಕರೆ, ಎಣ್ಣೆ. ಹಣ್ಣು ಇದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ರವೆ ಇಡ್ಲಿ ಇನ್ನೊಂದು ಕಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ತಮ್ಮಲ್ಲಿ ಹುಟ್ಟಿದ್ದು ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಗೋಧಿ ರವೆ, ಮೊಸರು, ಸೋಡಾ, ತುಪ್ಪ, ಗೋಡಂಬಿ. ಉದ್ದು ಒಗ್ಗರಣೆಗೆ ಮಾತ್ರ. ಪೋಷಕಾಂಶದ ಲೆಕ್ಕದಲ್ಲಿ ಇದನ್ನು ಇಡ್ಲಿ ಅನ್ನುವುದಕ್ಕಿಂತ ತಟ್ಟೆಗೆ ಹಾಕಿ ಬೇಯಿಸಿದ ಉಪ್ಪಿಟ್ಟು ಅನ್ನುವುದೇ ಸರಿ.

ಈ ಗುಂಪಿನಲ್ಲಿ ನನ್ನ ಮತ ಹೆಸರುಕಾಳಿನ ದೋಸೆಗೆ. ಆಂಧ್ರದವರ ಪೆಸರಟ್ಟು. ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಹಾಕಿ ರುಬ್ಬಿ, ಆಗಲೇ ಹುಯ್ಯುವುದು. ಹುದುಗಿಗೆ ಕಾಯಬೇಕಿಲ್ಲ. 60 ಗ್ರಾಂ ಕಾಳಿನ ದೋಸೆಯಲ್ಲೇ 13–14 ಗ್ರಾಂ ಪ್ರೋಟೀನ್ ಬಂತು. ಗರಿಗರಿಯಾಗಲು ಒಂದು ಹಿಡಿ ಅಕ್ಕಿ ಸೇರಿಸಿದರೂ ತೊಂದರೆ ಇಲ್ಲ. ಇದನ್ನು ಹೋಟೆಲಿನಲ್ಲಿ ಕೇಳಿದರೆ ಸಿಗುವುದು ಅಪರೂಪ. ಮನೆಯಲ್ಲೇ ಮಾಡಿಕೊಳ್ಳಬೇಕು.

ಹದಿನೈದು ನಿಮಿಷದ ತಿಂಡಿಗಳು

ಉಪ್ಪಿಟ್ಟು ಅಂದ ತಕ್ಷಣ ಮುಖ ಸಿಂಡರಿಸುವವರು ಬಹಳ. ಹಾಸ್ಟೆಲ್ ಹುಡುಗರು ಅದಕ್ಕೆ ಕಾಂಕ್ರೀಟ್ ಅಂತ ಹೆಸರಿಟ್ಟು ಎಷ್ಟೋ ಕಾಲವಾಯಿತು. ತಪ್ಪು ರವೆಯದ್ದಲ್ಲ. ಬರೀ ಈರುಳ್ಳಿ, ಎರಡು ಎಸಳು ಕರಿಬೇವು ಹಾಕಿ ನೀರು ಕಮ್ಮಿ ಮಾಡಿದರೆ ಯಾರಿಗೆ ತಾನೇ ಇಳಿಯುತ್ತದೆ? ಒಬ್ಬರಿಗೆ 60 ಗ್ರಾಂ ರವೆ ಹಾಕಿದರೆ 6 ಗ್ರಾಂ ಚಿಲ್ಲರೆ ಪ್ರೋಟೀನ್. ರವೆಯಷ್ಟೇ ತೂಕದ ತರಕಾರಿ ಬೀಳಲಿ: ಕ್ಯಾರೆಟ್, ಬೀನ್ಸ್, ಬಟಾಣಿ. ಚಳಿಗಾಲದಲ್ಲಿ ಅವರೆಕಾಳು ಬಂದಾಗ ಹಿತುಕಿದ ಬೇಳೆ ಹಾಕಿ ಮಾಡಿದ ಉಪ್ಪಿಟ್ಟನ್ನು ಯಾರೂ ಕಾಂಕ್ರೀಟ್ ಅನ್ನುವುದಿಲ್ಲ. ರವೆಯ ಬದಲು ಗೋಧಿ ನುಚ್ಚು ಹಾಕಿದರೆ ಹೊಟ್ಟು ಉಳಿದಿರುವುದರಿಂದ ನಾರು ಜಾಸ್ತಿ. ಬೇಯಲು ಐದು ನಿಮಿಷ ಹೆಚ್ಚು ಬೇಕು, ಅಷ್ಟೇ.

ಅವಲಕ್ಕಿ ಉಪ್ಪಿಟ್ಟಿಗಿಂತ ಸಲೀಸು. ಅಕ್ಕಿಯಷ್ಟೇ ಪಿಷ್ಟ ಅದರಲ್ಲೂ ಇದೆ. ಹಗುರವಾಗಿ ಕಾಣುತ್ತದೆ ಅಂತ ಬೋಗುಣಿ ತುಂಬ ತಿನ್ನುವ ಅಪಾಯವೂ ಇದೆ. ಒಬ್ಬರಿಗೆ 60 ಗ್ರಾಂ ಒಣ ಅವಲಕ್ಕಿ ಸಾಕು. ಅದರಿಂದ 4 ಗ್ರಾಂ ಪ್ರೋಟೀನ್. ಒಗ್ಗರಣೆಗೆ 20 ಗ್ರಾಂ ಕಡಲೆಕಾಯಿ ಬೀಜ ಹಾಕಿದರೆ ಇನ್ನೂ 5. ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇಟ್ಟುಕೊಂಡರೆ 4–5. ಅಲ್ಲಿಗೆ 13–14 ಆಯಿತು. ಮೂರು ಇಡ್ಲಿ-ಚಟ್ನಿಯನ್ನು ಹಿಂದೆ ಹಾಕಿತು ನೋಡಿ. ಮೇಲೆ ನಿಂಬೆಹಣ್ಣು ಹಿಂಡುವುದು ರುಚಿಗೆ ಮಾತ್ರ ಅಲ್ಲ, ಅದರ ವಿಟಮಿನ್ ಸಿ ಊಟದ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಒಲೆ ಆರಿಸಿದ ಮೇಲೆ ಹಿಂಡಿ. ಗೊಜ್ಜವಲಕ್ಕಿ ಮಾಡುವವರು ಬೆಲ್ಲದ ಮೇಲೆ ಒಂದು ಕಣ್ಣಿಡಿ.

ಮಂಡಕ್ಕಿಯದ್ದು ಇನ್ನೂ ಹಗುರ ವ್ಯವಹಾರ. ಹುಬ್ಬಳ್ಳಿ-ಧಾರವಾಡದ ಗಿರಮಿಟ್, ಕಲಬುರಗಿ ಕಡೆಯ ಸುಸಲಾ, ಬಳ್ಳಾರಿ-ರಾಯಚೂರಿನ ಒಗ್ಗರಣೆ. ಪುಟಾಣಿ (ಹುರಿಗಡಲೆ) ಹಿಟ್ಟು, ಶೇಂಗಾ, ಈರುಳ್ಳಿ, ಟೊಮೆಟೊ ಬಿದ್ದಷ್ಟೂ ಒಳ್ಳೇದು. ಪಕ್ಕದಲ್ಲಿ ಎರಡು ಮಿರ್ಚಿ ಬಜ್ಜಿ ಬಂದು ಕೂರುತ್ತವಲ್ಲ, ತೊಂದರೆ ಅಲ್ಲಿದೆ.

ಶಾವಿಗೆ ಬಾತ್ ಅಂಗಡಿಯ ಶಾವಿಗೆಯದ್ದಾದರೆ ಉಪ್ಪಿಟ್ಟಿನ ತಮ್ಮ, ಬೇರೆ ಹೇಳುವುದು ಏನಿಲ್ಲ. ಸಬ್ಬಕ್ಕಿ ಉಪ್ಪಿಟ್ಟು ಹಬ್ಬ, ಉಪವಾಸಕ್ಕೆ ಇರಲಿ. ಅದು ಬಹುತೇಕ ಬರೀ ಪಿಷ್ಟ. ಅದರೊಳಗಿನ ಕಡಲೆಕಾಯಿ ಬೀಜವೇ ಅದರ ಮರ್ಯಾದೆ ಕಾಯುವುದು.

ರಾತ್ರಿಯ ಅನ್ನ ಉಳಿದಿದ್ದರೆ ಚಿತ್ರಾನ್ನ, ಪುಳಿಯೋಗರೆ ಮಾಡುವುದು ರೂಢಿ. ಅದಕ್ಕಿಂತ ತಂಗಳನ್ನಕ್ಕೆ ಮೊಸರು ಕಲಸಿ, ಹಸಿ ಈರುಳ್ಳಿ ಕಚ್ಚಿಕೊಂಡು ತಿನ್ನುವ ಹಳೆಯ ಪದ್ಧತಿಯೇ ವಾಸಿ. ಎಣ್ಣೆ ಇಲ್ಲ, ಮೊಸರಿನ ಪ್ರೋಟೀನ್ ಇದೆ. ಬೇಸಿಗೆಯಲ್ಲಂತೂ ಹಿತ. ಅನ್ನವನ್ನು ರಾತ್ರಿಯಿಡೀ ಹೊರಗೆ ಹಾಗೇ ಬಿಡಬೇಡಿ. ನೀರು ಹಾಕಿ ಹುಳಿ ಬರಿಸುವ ಪದ್ಧತಿ ಗೊತ್ತಿಲ್ಲದಿದ್ದರೆ ಫ್ರಿಜ್‌ನಲ್ಲಿ ಇಡಿ.

ಮೂರು ರೊಟ್ಟಿಗಳು

ಹಳೇ ಮೈಸೂರಿನ ಕಡೆ ರಾಗಿ, ಉತ್ತರ ಕರ್ನಾಟಕದಲ್ಲಿ ಜೋಳ, ಮಲೆನಾಡು-ಕೊಡಗಿನಲ್ಲಿ ಅಕ್ಕಿ. ಊರಿನ ಅಭಿಮಾನ ಪಕ್ಕಕ್ಕಿಟ್ಟು ಹೋಲಿಸೋಣ.

ರಾಗಿಯ ದೊಡ್ಡ ಬಲ ಕ್ಯಾಲ್ಸಿಯಂ. 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಅಕ್ಕಿಯಲ್ಲಿ 10 ಕೂಡ ಇಲ್ಲ. ಒಂದು ಲೋಟ ಹಾಲಿನಲ್ಲಿ 240ರ ಹತ್ತಿರ. ದೊಡ್ಡವರಿಗೆ ದಿನಕ್ಕೆ ಬೇಕಾದ್ದು 1,000. 100 ಗ್ರಾಂ ಹಿಟ್ಟಿನಲ್ಲಿ ತಟ್ಟಿದ ಎರಡು ದೊಡ್ಡ ರೊಟ್ಟಿಯಲ್ಲಿ ಅದರ ಮೂರನೇ ಒಂದು ಪಾಲು ಇದೆ. ಫೈಟೇಟ್ ಇರುವುದರಿಂದ ಅಷ್ಟೂ ಮೈಗೆ ಹತ್ತುವುದಿಲ್ಲ, ಆದರೂ ಬೇರೆ ಯಾವ ಧಾನ್ಯವೂ ಹತ್ತಿರ ಬರುವುದಿಲ್ಲ. ನಾರು 11 ಗ್ರಾಂ. ರಾಗಿಯ ಕಾಳು ತೀರಾ ಸಣ್ಣದು, ಅಕ್ಕಿಯ ಹಾಗೆ ಸುಲಭವಾಗಿ ಪಾಲಿಶ್ ಮಾಡಲು ಬರುವುದಿಲ್ಲ. ಹೊಟ್ಟು ಸಮೇತ ಬೀಸಬೇಕು. ನಾರು ಉಳಿದದ್ದು ಅದರಿಂದಲೇ.

ಪ್ರೋಟೀನ್‌ನಲ್ಲಿ ಮಾತ್ರ ರಾಗಿ ಅಕ್ಕಿಗಿಂತಲೂ ಒಂದು ಮೆಟ್ಟಿಲು ಕೆಳಗೆ. ರಾಗಿ ತಿಂದರೆ ಶುಗರ್ ಏರುವುದಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. 100 ಗ್ರಾಂ ರಾಗಿಯಲ್ಲಿ 67 ಗ್ರಾಂ ಶರ್ಕರಪಿಷ್ಟ ಇದೆ, ಅಕ್ಕಿಯಲ್ಲಿ 78. ಅದು ಎಷ್ಟು ಬೇಗ ರಕ್ತಕ್ಕೆ ಸೇರುತ್ತದೆ ಅನ್ನುವುದು ನೀವು ಅದನ್ನು ಯಾವ ರೂಪದಲ್ಲಿ ತಿನ್ನುತ್ತೀರಿ ಅನ್ನುವುದರ ಮೇಲೆ ನಿಂತಿದೆ. ನುಣ್ಣಗೆ ಬೀಸಿದ ಹಿಟ್ಟನ್ನು ಗಂಜಿ ಮಾಡಿ, ಬೆಲ್ಲ ಹಾಕಿ ಕುಡಿದರೆ ಅದು ಸರಸರ ರಕ್ತಕ್ಕೆ ಇಳಿದುಬಿಡುತ್ತದೆ. ಬೆಲ್ಲವೂ ಸಕ್ಕರೆಯೇ, ಬಣ್ಣ ಬೇರೆ. ಅದೇ ಹಿಟ್ಟಿಗೆ ನುಗ್ಗೆಸೊಪ್ಪು, ಈರುಳ್ಳಿ, ತುರಿದ ಕ್ಯಾರೆಟ್ ಹಾಕಿ ರೊಟ್ಟಿ ತಟ್ಟಿದರೆ ಅಗಿದು ತಿನ್ನಬೇಕು, ನಿಧಾನವಾಗುತ್ತದೆ. ಶುಗರ್ ಇರುವವರಿಗೆ ಮಾಲ್ಟ್‌ಗಿಂತ ರೊಟ್ಟಿ ಸರಿ. ಅಂಬಲಿ ಬೇಕೇ ಬೇಕು ಅಂದರೆ ಬೆಲ್ಲ ಬಿಟ್ಟು ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿ ಕುಡಿಯಿರಿ.

ಮಕ್ಕಳಿಗೆ ಲೆಕ್ಕ ಬೇರೆ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ರಾಗಿ ಹಿಟ್ಟಿನ ಸರಿ, ಅಂದರೆ ಗಂಜಿ, ಕೂಸುಗಳಿಗೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ಕೊಡುತ್ತಾ ಬಂದದ್ದು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಅದರಿಂದ ಹಿಟ್ಟು ಜಾಸ್ತಿ ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ, ಮಗು ಸಣ್ಣ ಬಟ್ಟಲಿನಲ್ಲೇ ಹೆಚ್ಚು ಶಕ್ತಿ ಪಡೆಯುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಇತ್ತು, 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಸೇರಿತು. ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಬರುವ ಮಕ್ಕಳಿಗೆ ಒಳ್ಳೆಯ ಜೋಡಿ.

ಜೋಳದ ರೊಟ್ಟಿಯ ಹೆಚ್ಚುಗಾರಿಕೆ ಹಿಟ್ಟಿಗಿಂತ ಅದರ ಸುತ್ತಲಿನ ಸಂಸಾರದಲ್ಲಿದೆ. ಎರಡು ರೊಟ್ಟಿಗೆ 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು. ಎಣ್ಣೆ ಒಂದು ಹನಿಯೂ ಇಲ್ಲ, ನೀರು ಸವರಿ ಬೇಯಿಸುವುದು. ಜೊತೆಗೆ ಮಡಿಕೆ ಕಾಳಿನದೋ ಹೆಸರುಕಾಳಿನದೋ ಪಲ್ಯ, ಝುಣಕ, ಶೇಂಗಾ ಚಟ್ನಿಪುಡಿ, ಮೊಸರು, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ. 30 ಗ್ರಾಂ ಕಾಳಿನ ಪಲ್ಯ ಸೇರಿದರೂ 17 ಗ್ರಾಂ ಹತ್ತಿರ ಬಂತು. ನಂಜಿಕೊಳ್ಳುವುದು ರೊಟ್ಟಿಗಿಂತ ಜಾಸ್ತಿ ಇರುವ ತಟ್ಟೆ ನಮ್ಮ ರಾಜ್ಯದಲ್ಲಿ ಇದೊಂದೇ ಅನ್ನಿಸುತ್ತದೆ. ಯಾವುದಾದರೂ ಒಂದು ತಿಂಡಿ ಹೇಳಿ ಅಂತ ಹಟ ಹಿಡಿದರೆ ನಾನು ಇದನ್ನೇ ಹೇಳುವುದು. ಕಷ್ಟ ಇರುವುದು ಬಡಿಯುವ ಕೈಯಲ್ಲಿ. ಈಗ ಬೆಂಗಳೂರಿನಲ್ಲೂ ಖಾನಾವಳಿಗಳು, ರೊಟ್ಟಿ ಮಾರುವ ಮನೆಗಳು ಇವೆ. ಖಡಕ್ ರೊಟ್ಟಿ ತಂದಿಟ್ಟುಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ. ಪಲ್ಯ ಒಂದು ಮಾಡಿಕೊಂಡರೆ ಆಯಿತು.

ಅಕ್ಕಿ ರೊಟ್ಟಿ ರುಚಿಯಲ್ಲಿ ಮುಂದೆ, ಲೆಕ್ಕದಲ್ಲಿ ಹಿಂದೆ. ಸಬ್ಬಸಿಗೆ ಸೊಪ್ಪು, ಅವರೆಕಾಳು ಕೈತುಂಬ ಕಲಸಿ ತಟ್ಟಿದರೆ ಸುಧಾರಿಸುತ್ತದೆ. ಅಂಚಿಗೆ ಬಿಡುವ ಎಣ್ಣೆ ಅಳತೆಯಲ್ಲಿರಲಿ.

ಡಬ್ಬದ ತಿಂಡಿಗಳು

ಓಟ್ಸ್‌ಗೆ ನಿಜವಾದ ಒಂದು ಗುಣ ಇದೆ. ಅದರ ಬೀಟಾ ಗ್ಲೂಕನ್ ಅನ್ನುವ ಅಂಟು ನಾರು ದಿನಕ್ಕೆ 3 ಗ್ರಾಂ ಹೊಟ್ಟೆಗೆ ಸೇರಿದರೆ ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆ. ಒಂದು ಬಟ್ಟಲಿಗೆ ಹಾಕುವ 40 ಗ್ರಾಂ ಓಟ್ಸ್‌ನಲ್ಲಿ ಅದರ ಅರ್ಧದಷ್ಟು ಸಿಗುತ್ತದೆ. ಪ್ರೋಟೀನ್ 5 ಗ್ರಾಂ, ನಾರು 4 ಗ್ರಾಂ. ಹಾಲಿನಲ್ಲಿ ಬೇಯಿಸಿ, ಒಂದು ಬಾಳೆಹಣ್ಣು, ನಾಲ್ಕು ಬಾದಾಮಿಯೋ ಒಂದು ಹಿಡಿ ಕಡಲೆಕಾಯಿ ಬೀಜವೋ ಹಾಕಿದರೆ ಒಳ್ಳೆಯ ತಿಂಡಿಯೇ. ಆದರೆ ಜೋಳಕ್ಕಿಂತ, ರಾಗಿಗಿಂತ ಬಹಳ ಮೇಲೆ ಅನ್ನುವುದು ಜಾಹೀರಾತಿನ ಮಾತು. ಬೆಲೆಯಲ್ಲಿ ಮಾತ್ರ ಖಂಡಿತ ಮೇಲೆ. ಮಸಾಲೆ ಪುಡಿ ಸೇರಿಸಿದ ಮೂರು ನಿಮಿಷದ ಓಟ್ಸ್ ಪೊಟ್ಟಣಗಳಲ್ಲಿ ಉಪ್ಪು ಜಾಸ್ತಿ. ಸಾದಾ ಓಟ್ಸ್ ತಂದು ನೀವೇ ಒಗ್ಗರಣೆ ಹಾಕಿ ಉಪ್ಪಿಟ್ಟಿನ ಹಾಗೆ ಮಾಡಿಕೊಳ್ಳಿ.

ಕಾರ್ನ್‌ಫ್ಲೇಕ್ಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದರಲ್ಲಿ ಒಳ್ಳೆಯದು ಹಾಲು. ಚಾಕೊಲೇಟ್ ಬಣ್ಣದ ಉಂಡೆ, ಚಿಪ್ಪುಗಳು ತಿಂಡಿಯ ಪಟ್ಟಿಗೇ ಸೇರುವುದಿಲ್ಲ, ಅವು ಮಿಠಾಯಿ. ಹಾಲಿಗೆ ಬೆರೆಸುವ ಪುಡಿಗಳದ್ದೂ ಅದೇ ಕಥೆ.

ಬ್ರೆಡ್ ಕೊಳ್ಳುವವರು ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಕಾನೂನಿನ ಪ್ರಕಾರ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು. ಮುಂದೆ ದೊಡ್ಡದಾಗಿ ಬ್ರೌನ್, ಮಲ್ಟಿಗ್ರೇನ್ ಅಂತ ಇದ್ದು, ಹಿಂದೆ ಮೊದಲ ಹೆಸರೇ ಮೈದಾ ಅಂತ ಇದ್ದರೆ ಆ ಕಂದು ಬಣ್ಣಕ್ಕೆ ನೀವು ಹೆಚ್ಚಿನ ದುಡ್ಡು ಕೊಡುತ್ತಿದ್ದೀರಿ. ಪೂರ್ತಿ ಗೋಧಿ ಹಿಟ್ಟು ಮೊದಲಿಗಿರಲಿ. ಎರಡು ಬ್ರೆಡ್ ಹೋಳುಗಳಿಗೆ ಎರಡು ಮೊಟ್ಟೆಯ ಆಮ್ಲೆಟ್ ಇಟ್ಟುಕೊಂಡರೆ 16–17 ಗ್ರಾಂ ಪ್ರೋಟೀನ್. ಅದೇ ಎರಡು ಹೋಳುಗಳಿಗೆ ಜಾಮ್ ಸವರಿದರೆ 4–5. ಜಾಮ್‌ನಲ್ಲಿ ಅರ್ಧಕ್ಕೂ ಜಾಸ್ತಿ ಸಕ್ಕರೆಯೇ. ಮೊಟ್ಟೆ ತಿನ್ನದವರಿಗೆ ಪನೀರ್, ಕಡಲೆಹಿಟ್ಟಿನ ದೋಸೆ, ಬೇಯಿಸಿದ ಕಡಲೆಕಾಳು ಇವೆ.

ಹಣ್ಣು ಅಗಿದೇ ತಿನ್ನಿ. ಜ್ಯೂಸ್ ಮಾಡಿ ಸೋಸಿದರೆ ನಾರು ಹೋಯಿತು, ಸಕ್ಕರೆ ಉಳಿಯಿತು. ಸೀಬೆ, ಪರಂಗಿ, ಬಾಳೆ ಯಾವುದಾದರೂ ಸರಿ.

ಯಾರಿಗೆ ಏನು

ಶುಗರ್ ಇರುವವರು ಯಾರ ಮಾತೂ ಕೇಳಬೇಕಿಲ್ಲ, ನನ್ನದೂ ಬೇಡ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಅದನ್ನೇ ಕೇಳಿ. ಒಂದು ದಿನ ಮೂರು ಇಡ್ಲಿ-ಚಟ್ನಿ, ಇನ್ನೊಂದು ದಿನ ಎರಡು ಇಡ್ಲಿ ಜೊತೆ ಗಟ್ಟಿ ಸಾಂಬಾರ್, ಪಲ್ಯ. ತಿಂಡಿ ಶುರು ಮಾಡಿದ ಎರಡು ಗಂಟೆಗೆ ನೋಡಿ ಬರೆದಿಡಿ. ನಿಮ್ಮ ಮೈಗೆ ಯಾವುದು ಒಗ್ಗುತ್ತದೆ ಅಂತ ಅದೇ ಹೇಳುತ್ತದೆ. ಡಾಕ್ಟರಿಗೂ ಆ ಚೀಟಿ ತೋರಿಸಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಿಂಡಿ ಬಿಟ್ಟು ಉಪವಾಸದ ಪ್ರಯೋಗ ತಾವಾಗಿ ಮಾಡಬಾರದು. ಕಿಡ್ನಿ ತೊಂದರೆ ಇರುವವರಿಗೆ ಮೇಲೆ ಹೇಳಿದ ಪ್ರೋಟೀನ್ ಲೆಕ್ಕ ಹೊಂದುವುದಿಲ್ಲ, ಅವರ ಅಳತೆಯನ್ನು ಡಾಕ್ಟರೇ ಹೇಳಬೇಕು.

ರಕ್ತ ಕಮ್ಮಿ ಇರುವ ಹೆಣ್ಣುಮಕ್ಕಳು, ಬಸುರಿಯರು ತಿಂಡಿಯ ಜೊತೆಗೇ ಕಾಫಿ, ಟೀ ಕುಡಿಯುವುದನ್ನು ಬಿಡಬೇಕು. ಅವು ಕಬ್ಬಿಣ ಹೀರಿಕೊಳ್ಳಲು ಅಡ್ಡ ಬರುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರೂ ಹಾಗೆಯೇ: ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾದು ಆಮೇಲೆ ಕಾಫಿ, ತಿಂಡಿ.

ಹಲ್ಲಿಲ್ಲದ ಹಿರಿಯರಿಗೆ ಜೋಳದ ರೊಟ್ಟಿ ಹೇಳಿ ಪ್ರಯೋಜನವಿಲ್ಲ. ಅವರಿಗೆ ಇಡ್ಲಿಯನ್ನು ಸಾಂಬಾರಿನಲ್ಲಿ ನೆನೆಸಿಕೊಡಿ, ಹೆಸರುಬೇಳೆ ಪೊಂಗಲ್ ಮಾಡಿ. ಪೊಂಗಲ್‌ಗೆ ಅಕ್ಕಿ, ಬೇಳೆ ಸಮ ಸಮ ಹಾಕಿದರೆ 100 ಗ್ರಾಂ ಒಣ ಪದಾರ್ಥದಲ್ಲಿ 16 ಗ್ರಾಂ ಪ್ರೋಟೀನ್. ವಯಸ್ಸಾದಂತೆ ಮಾಂಸಖಂಡ ಕರಗುವುದರಿಂದ ಅವರಿಗೇ ಇದು ಜಾಸ್ತಿ ಬೇಕು. ಆದರೆ ಹೆಚ್ಚಿನ ಮನೆಗಳಲ್ಲಿ ಅವರಿಗೆ ಸಿಗುವುದು ಬರೀ ಗಂಜಿ, ಬ್ರೆಡ್.

ಹೊಲದಲ್ಲಿ, ಕಟ್ಟಡದಲ್ಲಿ ಮೈಮುರಿದು ದುಡಿಯುವವರಿಗೆ ಮುದ್ದೆ, ಚಪಾತಿ, ಅನ್ನ ಯಾವುದೂ ಜಾಸ್ತಿಯಾಗುವುದಿಲ್ಲ. ಧಾನ್ಯ ಕಮ್ಮಿ ಮಾಡಿ ಅನ್ನುವ ಮಾತು ಕುರ್ಚಿಯಲ್ಲಿ ಕೂತು ದುಡಿಯುವವರಿಗೆ.

ಹೋಟೆಲಿಗೆ ಹೋದಾಗ

ಪೂರಿ ಸಾಗು, ಚೌಚೌ ಬಾತ್, ರೈಸ್ ಬಾತ್, ಇಡ್ಲಿ-ವಡೆ. ದರ್ಶಿನಿಯ ಬೋರ್ಡಿನಲ್ಲಿ ಸಾಮಾನ್ಯವಾಗಿ ಇವೇ. ಚೌಚೌ ಬಾತಿನ ಅರ್ಧ ತಟ್ಟೆ ಕೇಸರಿಬಾತ್. ಒಂದು ಕಪ್ ರವೆಗೆ ಕಮ್ಮಿ ಅಂದರೂ ಒಂದು ಕಪ್ ಸಕ್ಕರೆ ಬೀಳುವ ತಿಂಡಿ ಅದು. ವಿಶ್ವ ಆರೋಗ್ಯ ಸಂಸ್ಥೆ ದಿನವಿಡೀ 25 ಗ್ರಾಂ ಸಕ್ಕರೆಗೆ ನಿಲ್ಲಿಸಿದರೆ ಒಳ್ಳೇದು ಅನ್ನುತ್ತದೆ, ಅದು ಇಲ್ಲೇ ಮುಗಿದಿರುತ್ತದೆ. ಖಾರಾಬಾತ್ ಮಾತ್ರ ಬೇಕು ಅಂತ ಹೇಳಿ. ಪೂರಿಗಿಂತ ರೈಸ್ ಬಾತ್ ವಾಸಿ, ರಾಯಿತ ಜೊತೆಗಿದ್ದರೆ.

ಇಡ್ಲಿ-ವಡೆ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ವಡೆ ಕರಿದದ್ದು, ನಿಜ. ಆದರೆ ಅದು ಪೂರ್ತಿ ಉದ್ದು. ಆ ಬೋರ್ಡಿನಲ್ಲಿ ಬೇಳೆಯಿಂದಲೇ ಮಾಡಿದ ತಿಂಡಿ ಅಂತ ಇರುವುದು ಅದೊಂದೇ. ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಅಪರೂಪಕ್ಕೆ ಅಲ್ಲ, ವಾರಕ್ಕೊಮ್ಮೆ ತಿಂದರೂ ನಡೆಯುತ್ತದೆ. ದುಡ್ಡಿನ ಲೆಕ್ಕ ಹಾಕುವವರಿಗೆ 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ ಕೊಡುತ್ತದೆ, ಇಡ್ಲಿ ಇರುವ ದಿನ ಅದನ್ನೇ ತೆಗೆದುಕೊಳ್ಳಿ.

ಎಲ್ಲೇ ತಿಂದರೂ ಸಾಂಬಾರ್ ಬಡಿಸುವವರಿಗೆ ತಳದಿಂದ ಕಲಕಿ ಹಾಕಿ ಅಂತ ಹೇಳಿ. ಮೇಲೆ ತೇಲುವುದು ಹುಣಸೆ ನೀರು, ಬೇಳೆ ಇರುವುದು ಕೆಳಗೆ. ಎರಡನೇ ಬಟ್ಟಲಿಗೆ ಎಷ್ಟೋ ಹೋಟೆಲುಗಳಲ್ಲಿ ದುಡ್ಡು ಕೇಳುವುದಿಲ್ಲ.